ನಮ್ಮ ಮಕ್ಕಳ ಇನ್ನೊಂದು ಮೊಹಲ್ಲಾ

ಇಪ್ಪತ್ತು ವರ್ಷದ ಒಬ್ಬ ಬ್ಯಾರಿ ಹುಡುಗನ ವಾಟ್ಸ್‌ಆ್ಯಪ್ ಸ್ಟೇಟಸನ್ನು ಒಂದು ವಾರ ಬಿಡದೆ ನೋಡಿ. ಸೋಮವಾರ ಬಜ್ಪೆ ವಿಮಾನ ನಿಲ್ದಾಣದಲ್ಲಿ ದಮ್ಮಾಮ್‌ಗೆ ಹೊರಟ ಗೆಳೆಯನ ಜೊತೆ ಫೋಟೊ. ಮಂಗಳವಾರ ಬ್ಯಾರಿ ಭಾಷೆಯ ಒಂದು ತಮಾಷೆ ರೀಲ್. ಬುಧವಾರ ‘ವೆನ್ಲಾಕ್‌ನಲ್ಲಿ ಒ ನೆಗೆಟಿವ್ ರಕ್ತ ತುರ್ತಾಗಿ ಬೇಕು’. ಗುರುವಾರ ರಾತ್ರಿ ಸ್ವಲಾತ್ ಮಜ್ಲಿಸಿನ ಪೋಸ್ಟರ್. ಶುಕ್ರವಾರ ಹೊಸ ಶರ್ಟು, ಜುಮಾ ಮುಬಾರಕ್. ಶನಿವಾರ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟ್. ಭಾನುವಾರ ಯಾರದ್ದೋ ಮದುವೆಯ ಬಿರಿಯಾನಿ. ಎಂಟನೇ ದಿನ ಎಲ್ಲೋ ಏನೋ ಆಗುತ್ತದೆ. ಒಂದು ಹಲ್ಲೆ, ಒಂದು ಕೊಲೆ, ಇಲ್ಲವೇ ಯಾರದ್ದೋ ಒಂದು ಭಾಷಣ. ಆ ದಿನ ಅವನ ಸ್ಟೇಟಸ್ ಕಪ್ಪಾಗುತ್ತದೆ, ಅಕ್ಷರ ಕೆಂಪಾಗುತ್ತದೆ.

ಜಮಾಅತ್‌ನ ಹಿರಿಯರು ನೋಡುವುದು ಆ ಎಂಟನೇ ದಿನದ ಸ್ಟೇಟಸನ್ನು ಮಾತ್ರ. ಪೊಲೀಸರು ನೋಡುವುದೂ ಅದನ್ನೇ, ಟಿವಿಯವರು ತೋರಿಸುವುದೂ ಅದನ್ನೇ. ಮೊದಲ ಏಳು ದಿನ ಯಾರಿಗೂ ಬೇಡ. ಆದರೆ ನಮ್ಮ ಮಕ್ಕಳು ‘ನಾನು ಯಾರು, ನನ್ನವರು ಯಾರು’ ಎಂದು ಕಂಡುಕೊಳ್ಳುತ್ತಿರುವುದು ಆ ಏಳು ದಿನಗಳಲ್ಲಿ. ಅಲ್ಲಿ ನಾವು ಹಿರಿಯರು ಯಾರೂ ಇಲ್ಲ. ಎಂಟನೇ ದಿನ ಮಾತ್ರ ಓಡಿ ಹೋಗಿ ‘ಡಿಲೀಟ್ ಮಾಡು’ ಎನ್ನುತ್ತೇವೆ. ಅಷ್ಟು ಹೊತ್ತಿಗೆ ಸ್ಕ್ರೀನ್‌ಶಾಟ್ ಹೋಗುವಲ್ಲಿಗೆ ಹೋಗಿ ಆಗಿರುತ್ತದೆ.

ಮೊದಲು ಭಾಷೆಯ ವಿಷಯ ನೋಡುವ. ನಲವತ್ತು ದಾಟಿದ ನಮಗೆಲ್ಲ ಚೆನ್ನಾಗಿ ನೆನಪುಂಟು, ಶಾಲೆಯಲ್ಲಿ ಬ್ಯಾರಿ ಭಾಷೆ ಮಾತಾಡಿದರೆ ನಗುವವರೇ ಹೆಚ್ಚಿದ್ದರು. ಬಸ್ಸಿನಲ್ಲಿ ಉಮ್ಮ ಜೋರಾಗಿ ಬ್ಯಾರಿಯಲ್ಲಿ ಕರೆದರೆ ಕಿಟಕಿಯಾಚೆ ನೋಡುತ್ತಿದ್ದ ಹುಡುಗರು ನಮ್ಮ ತಲೆಮಾರಿನಲ್ಲಿ ಕಡಿಮೆ ಏನಲ್ಲ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆಯಿತು. ಅಕ್ಟೋಬರ್ 3 ಬ್ಯಾರಿ ಭಾಷಾ ದಿನವಾಯಿತು. ‘ಬ್ಯಾರಿ’ ಸಿನಿಮಾ 2011ರ ಸಾಲಿನ ಅತ್ಯುತ್ತಮ ಚಲನಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಅಕಾಡೆಮಿ ನಮ್ಮ ಭಾಷೆಗೆ ಒಂದು ಲಿಪಿಯನ್ನೂ ಹೊರತಂದಿದೆ. ಇವೆಲ್ಲ ದೊಡ್ಡ ಕೆಲಸಗಳೇ. ಆದರೂ ಹದಿನೇಳು ವರ್ಷದ ಹುಡುಗನ ನಾಚಿಕೆ ಬಿಡಿಸಿದ್ದು ಸಭಾಂಗಣದ ಭಾಷಣವಲ್ಲ, ಅವನ ಕೈಯಲ್ಲಿರುವ ಫೋನು.

ಇದಕ್ಕೆ ಒಂದು ಕಾರಣ ಗಲ್ಫ್. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ಅನುಮತಿ ಇಲ್ಲ ಎಂಬುದು ಅಲ್ಲಿ ದುಡಿಯುವವರ ಮನೆಗಳಿಗೆ ಗೊತ್ತಿರುವ ಸಂಗತಿ. ಬೋಟಿಮ್‌ನಂಥ ಬೇರೆ ಆ್ಯಪ್ ಹಾಕಬೇಕು, ಇಲ್ಲದಿದ್ದರೆ ವಾಯ್ಸ್ ಮೆಸೇಜ್ ಕಳಿಸಬೇಕು. ಬಾಪ ದುಬೈಯಲ್ಲಿ ಡ್ಯೂಟಿ ಮುಗಿಸಿ ರೂಮಿಗೆ ಬಂದು ಕೇಳುತ್ತಾರೆ, ಮಗ ಇಲ್ಲಿ ಬೆಳಿಗ್ಗೆ ಎದ್ದು ಉತ್ತರ ಹೇಳುತ್ತಾನೆ. ಬರೆಯುವುದಾದರೆ ಕನ್ನಡ ಲಿಪಿಯಲ್ಲಿ ಬರೆಯುವುದೋ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದೋ ಎಂಬ ಗೊಂದಲ. ಬಾಯಲ್ಲಿ ಹೇಳುವುದಕ್ಕೆ ಲಿಪಿ ಬೇಡ. ಬರೆಯುವ ರೂಢಿ ಕಡಿಮೆ ಇರುವ ಭಾಷೆಗೆ ವಾಯ್ಸ್ ಮೆಸೇಜ್ ಎಷ್ಟು ಅನುಕೂಲವಾಯಿತು ಎಂದು ನಾವು ಯಾರೂ ಲೆಕ್ಕ ಹಾಕಿಲ್ಲ.

2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರು ಮಾಡಿತು. ಕೊರೊನಾದ ಲಾಕ್‌ಡೌನ್, ಮುಚ್ಚಿದ ಕಾಲೇಜು, ಕೈಯಲ್ಲಿ ಮೊಬೈಲ್. ನಮ್ಮ ಹುಡುಗರು ಬ್ಯಾರಿ ಭಾಷೆಯಲ್ಲಿ ಮಾತಾಡುವ, ಹಾಡುವ, ನಗಿಸುವ ವಿಡಿಯೊಗಳನ್ನು ಹೆಚ್ಚೆಚ್ಚು ಮಾಡತೊಡಗಿದರು. ಮೀನು ಮಾರುಕಟ್ಟೆಯ ಚೌಕಾಸಿ, ಮದುವೆ ಮನೆಯಲ್ಲಿ ಊಟಕ್ಕೆ ಕುಳಿತವರ ಮಾತು, ಗಲ್ಫ್‌ನಿಂದ ಬಂದವನ ಪೆಟ್ಟಿಗೆ ಬಿಚ್ಚುವಾಗಿನ ಮನೆಯವರ ಮುಖ, ಇವೇ ವಸ್ತು. ಉಳ್ಳಾಲದಲ್ಲಿ ಮಾಡಿದ ವಿಡಿಯೊ ಚಿಕ್ಕಮಗಳೂರಿನ ಕಾಫಿ ತೋಟದ ಊರಿಗೂ ಹೋಗುತ್ತದೆ, ಕೊಡಗಿಗೂ ಹೋಗುತ್ತದೆ, ಜುಬೈಲ್‌ನ ಫ್ಲ್ಯಾಟಿಗೂ ಹೋಗುತ್ತದೆ. ಘಟ್ಟದ ಮೇಲಿನ ಬ್ಯಾರಿಗಳ ಮಾತಿನ ದಾಟಿ ಬೇರೆ, ನಮ್ಮದು ಬೇರೆ. ‘ನೀವು ಇದಕ್ಕೆ ಹೀಗೆ ಹೇಳ್ತೀರಾ, ನಾವು ಹೀಗೆ’ ಎಂದು ಕೆಳಗೆ ಕಮೆಂಟಿನಲ್ಲಿ ಚರ್ಚೆ. ಮೊದಲು ಇಂಥ ಚರ್ಚೆ ಸಂಬಂಧಿಕರ ಮದುವೆಯಲ್ಲಿ ಮಾತ್ರ ನಡೆಯುತ್ತಿತ್ತು. ಸೌದಿಯಲ್ಲಿ ಹುಟ್ಟಿ ಅಲ್ಲಿಯೇ ಇಂಗ್ಲಿಷ್ ಮೀಡಿಯಂ ಓದಿದ ಹುಡುಗಿ ತನ್ನ ಅಜ್ಜಿಯ ಪಿಂಡಿ ಮಾಡುವ ಕ್ರಮವನ್ನು ಅಜ್ಜಿಯ ಬಾಯಲ್ಲೇ ಹೇಳಿಸಿ ಹಾಕಿದರೆ ಅದನ್ನು ನಾವು ಟೈಂಪಾಸ್ ಎನ್ನಬೇಕೋ?

ಇದರಲ್ಲಿ ಒಂದು ತೊಡಕು ಉಂಟು, ಅದನ್ನೂ ಹೇಳಿಬಿಡಬೇಕು. ಫೋನು ನಮ್ಮ ಮಕ್ಕಳಿಗೆ ಬ್ಯಾರಿಯನ್ನು ಕೊಟ್ಟ ಹಾಗೆಯೇ ಅದನ್ನು ಎಳೆದುಕೊಂಡೂ ಹೋಗುತ್ತದೆ. ಮಲಯಾಳಂನಲ್ಲಿ ಸಿಗುವ ವಿಡಿಯೊ ಸಮುದ್ರದಷ್ಟು, ಬ್ಯಾರಿಯಲ್ಲಿ ಸಿಗುವುದು ಬಾವಿಯಷ್ಟು. ಮಲಯಾಳಂ ಸಿನಿಮಾ, ಮಾಪಿಳ್ಳ ಹಾಡು, ಕೇರಳದ ಉಸ್ತಾದರ ಪ್ರಭಾಷಣ ಕೇಳಿ ಕೇಳಿ ಹುಡುಗರ ನಾಲಗೆ ಆ ಕಡೆ ವಾಲುತ್ತದೆ. ಮಲಯಾಳಂನ ಪದಾದಿಯ ‘ವ’ಕಾರ ನಮ್ಮಲ್ಲಿ ‘ಬ’ ಆಗುವುದು ಬ್ಯಾರಿಯ ಗುರುತುಗಳಲ್ಲಿ ಒಂದು. ಈಗ ಕೆಲವು ಮಕ್ಕಳು ಆ ‘ಬ’ವನ್ನು ಬಿಟ್ಟು ‘ವ’ ಹಿಡಿಯುತ್ತಾರೆ. ಅದು ಸ್ಟೈಲ್ ಅಂತೆ. ಇನ್ನೊಂದು ಕಡೆಯಿಂದ ಉರ್ದು, ಹಿಂದಿ ಎಳೆಯುತ್ತದೆ. ನಾಅತ್‌ಗಳು, ಉತ್ತರ ಭಾರತದ ಮುಸ್ಲಿಂ ಯೂಟ್ಯೂಬರ್‌ಗಳು. ಅಲ್ಲಿ ‘ಮುಸ್ಲಿಂ’ ಎಂದರೆ ಉರ್ದು ಮಾತಾಡುವವನು ಎಂದೇ ಲೆಕ್ಕ. ತುಳು ಗೊತ್ತಿರುವ, ಕನ್ನಡದಲ್ಲಿ ಪರೀಕ್ಷೆ ಬರೆಯುವ, ಮನೆಯಲ್ಲಿ ಬ್ಯಾರಿ ಮಾತಾಡುವ ನಮ್ಮ ಹುಡುಗನಿಗೆ ಅಲ್ಲಿ ಹೊಂದುವ ಅಂಗಿ ಸಿಗುವುದಿಲ್ಲ.

ಆದರೆ ಇದಕ್ಕೆ ಇನ್‌ಸ್ಟಾಗ್ರಾಂ ಒಂದನ್ನೇ ದೂರಿದರೆ ನ್ಯಾಯವಲ್ಲ. ಮಲಯಾಳಂನ ಎಳೆತ ಮೊದಲು ಬಂದದ್ದು ನಮ್ಮ ಮದ್ರಸದ ಬಾಗಿಲಿನಿಂದಲೇ. ಅರಬಿ ಮಲಯಾಳದ ಕಿತಾಬುಗಳಲ್ಲಿ ದೀನ್ ಕಲಿತವರು ನಾವು. ಬ್ಯಾರಿಯಲ್ಲಿ ಒಂದು ಪಾಠಪುಸ್ತಕವನ್ನೂ ಕೈಗೆ ಕೊಡದೆ, ಈಗ ‘ಮಕ್ಕಳು ಬ್ಯಾರಿ ಮರೆತರು’ ಎಂದರೆ ಅವರು ಕೇಳುತ್ತಾರೆ, ‘ಉಸ್ತಾದ್, ನೀವು ಎಲ್ಲಿ ಕಲಿಸಿದ್ದೀರಿ?’ ಎಂದು. ಕೇಳಲಿ.

ಹೆಣ್ಮಕ್ಕಳ ಕಥೆ ಬೇರೆಯೇ. ಹುಡುಗನಿಗೆ ಒಂದು ಖಾತೆ ಇದ್ದರೆ ಹುಡುಗಿಗೆ ಹಲವು ಸಲ ಎರಡು. ಒಂದರಲ್ಲಿ ಹೂವು, ಬೆಕ್ಕು, ಖುರ್‌ಆನ್ ಆಯತ್. ಮನೆಯವರು ನೋಡುವುದು ಅದನ್ನು. ಇನ್ನೊಂದು ಆಪ್ತ ಗೆಳತಿಯರಿಗೆ ಮಾತ್ರ, ಮುಖದ ಫೋಟೊ ಇಲ್ಲದ್ದು. ಇದನ್ನು ‘ಕಳ್ಳತನ’ ಎಂದು ಕರೆಯುವ ಮೊದಲು ಅದು ಯಾಕೆ ಹಾಗಾಯಿತು ಎಂದು ನೋಡಬೇಕು. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಎಂಬ ಆ್ಯಪ್‌ಗಳಲ್ಲಿ ಮುಸ್ಲಿಂ ಮಹಿಳೆಯರ ಫೋಟೊ ಹಾಕಿ ‘ಹರಾಜು’ ಎಂದು ಬರೆದರು. ಅವು ಆ ಮಹಿಳೆಯರ ಖಾತೆಗಳಲ್ಲೇ ಇದ್ದ ಫೋಟೊಗಳು. ಪತ್ರಕರ್ತೆಯರು, ಹೋರಾಟಗಾರ್ತಿಯರು ಸಹ ಬಿಟ್ಟು ಹೋಗಲಿಲ್ಲ. ಅದೇ ವೇಳೆಗೆ ಉಡುಪಿಯಲ್ಲಿ ಹಿಜಾಬ್ ವಿವಾದ ಹೊತ್ತಿಕೊಂಡಿತ್ತು. ಕಾಲೇಜಿನ ಹೊರಗೆ ನಿಂತ ವಿದ್ಯಾರ್ಥಿನಿಯರ ವೈಯಕ್ತಿಕ ವಿವರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. 2022ರ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ಮಾತು ಅಲ್ಲಿಗೆ ನಿಂತಿತು. ಆದರೆ ಆಗ ಪಿಯುಸಿಯಲ್ಲಿದ್ದ ಹುಡುಗಿಯರು ಒಂದು ಪಾಠ ಕಲಿತರು: ಹೆಸರು, ಊರು, ಮುಖ, ಮೂರನ್ನೂ ಒಂದೇ ಕಡೆ ಇಡಬಾರದು.

ಆ ಪಾಠದ ಮೇಲೆಯೇ ಅವರು ಒಂದು ಲೋಕ ಕಟ್ಟಿಕೊಂಡಿದ್ದಾರೆ ಎಂಬುದು ನಮಗೆ ಆಶ್ಚರ್ಯ. ಮೆಹಂದಿ ಹಾಕುವವಳ ಪೇಜಿನಲ್ಲಿ ಕೈ ಮಾತ್ರ ಕಾಣುತ್ತದೆ. ಮನೆಯಲ್ಲೇ ಕೇಕ್ ಮಾಡುವವಳ ಪೇಜಿನಲ್ಲಿ ಕೇಕ್ ಮತ್ತು ಧ್ವನಿ. ಅಬಾಯ ಹೊಲಿಯುವವಳ ಪೇಜಿನಲ್ಲಿ ಹ್ಯಾಂಗರಿಗೆ ಹಾಕಿದ ಬಟ್ಟೆ. ಆರ್ಡರ್ ಇನ್‌ಸ್ಟಾಗ್ರಾಂನಲ್ಲಿ ಬರುತ್ತದೆ, ಹಣ ಯುಪಿಐಯಲ್ಲಿ ಬರುತ್ತದೆ, ತಮ್ಮ ಸ್ಕೂಟರಿನಲ್ಲಿ ಕೊಟ್ಟು ಬರುತ್ತಾನೆ. ಹಿಂದೆ ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಆ ಮನೆಗಳ ಮೊಮ್ಮಕ್ಕಳು ಈಗ ಇದರಲ್ಲಿ ಕಾಲೇಜು ಫೀಸು ಕಟ್ಟುತ್ತಾರೆ. ಪೇಜಿಗೆ ಇಟ್ಟ ಹೆಸರಲ್ಲಿ ಬಾಪನ ಹೆಸರೂ ಇಲ್ಲ, ಗಂಡನ ಹೆಸರೂ ಇಲ್ಲ, ಅವಳದೇ ಒಂದು ಹೆಸರು. ಮೊಹಲ್ಲಾದ ಹೆಂಗಸರಲ್ಲಿ ‘ಇಂಥವರ ಮಗಳು’ ಎಂದಿದ್ದವಳು ‘ಆ ಮೆಹಂದಿ ಪೇಜಿನವಳು’ ಆಗಿದ್ದಾಳೆ. ಗುರುತು ಎಂದರೆ ಇದೂ ಗುರುತೇ ತಾನೇ?

ಇನ್ನು ಎಂಟನೇ ದಿನಕ್ಕೆ ಬರುವ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಮನೆಯ ಹಿರಿಯರಲ್ಲಿ ವಿನಂತಿ, ಯಾಕೆಂದರೆ ಇದು ಮಕ್ಕಳ ಅನ್ನದ ಪ್ರಶ್ನೆ.

2025ರ ಏಪ್ರಿಲ್ ಕೊನೆಯಿಂದ ಮೇ ತಿಂಗಳ ಕೊನೆಯವರೆಗೆ ಮಂಗಳೂರಿನ ಸುತ್ತಮುತ್ತ ನಡೆದ ಕೊಲೆಗಳು ಜಿಲ್ಲೆಯನ್ನೇ ನಡುಗಿಸಿದವು. ಅದರ ಬೆನ್ನಿಗೆ ಜಾಲತಾಣದ ಪ್ರಚೋದನಕಾರಿ ಪೋಸ್ಟ್‌ಗಳ ಮೇಲೆ ಪೊಲೀಸರು ಪ್ರಕರಣ ಹಾಕಿದರು. ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ವಿಶೇಷ ಕಾರ್ಯಪಡೆ ಬಂತು. ಇಂಥ ಹೊತ್ತಿನಲ್ಲಿ ಹುಡುಗರು ಹೇಳುವ ಮಾತು ಒಂದೇ, ‘ನಾನು ಬರೆದದ್ದಲ್ಲ, ಫಾರ್ವರ್ಡ್ ಮಾಡಿದ್ದು ಮಾತ್ರ’. ಇನ್ನು ಕೆಲವರಿಗೆ ಅರ್ಧ ಕಾನೂನು ಗೊತ್ತು. ಐಟಿ ಕಾಯ್ದೆಯ 66ಎ ಸೆಕ್ಷನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದೆ, ಹಾಗಾಗಿ ಏನು ಬರೆದರೂ ತೊಂದರೆ ಇಲ್ಲ ಎಂಬ ಲೆಕ್ಕ. ಅದು ರದ್ದಾದದ್ದು ನಿಜ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ದ್ವೇಷ ಹುಟ್ಟಿಸುವುದಕ್ಕೆ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ಬಾಯಿಮಾತು, ಬರಹದ ಜೊತೆ ಎಲೆಕ್ಟ್ರಾನಿಕ್ ಸಂವಹನ ಎಂಬ ಮಾತನ್ನೂ ಅದರಲ್ಲಿ ಬಿಡಿಸಿ ಹೇಳಲಾಗಿದೆ.

ಜೈಲು, ಜಾಮೀನು ಒಂದು ಕಡೆ ಇರಲಿ. ನಮ್ಮ ಮನೆಗಳಿಗೆ ಅದಕ್ಕಿಂತ ದೊಡ್ಡ ಪೆಟ್ಟು ಪಾಸ್‌ಪೋರ್ಟಿನದ್ದು. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ಕೋರ್ಟಿನಲ್ಲಿ ಪ್ರಕರಣ ಬಾಕಿ ಇದ್ದವನಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೋರ್ಟಿನ ಅನುಮತಿ ತಂದರೆ ಸಿಗುತ್ತದೆ, ಅದೂ ಸಾಮಾನ್ಯವಾಗಿ ಕಡಿಮೆ ಅವಧಿಗೆ. ಕೇಸು ಮುಗಿಯುವುದು ಯಾವಾಗ? ಮೂರು ವರ್ಷವೋ ಆರು ವರ್ಷವೋ. ಅಷ್ಟರಲ್ಲಿ ವೀಸಾ ಕಳಿಸಿದ ಮಾವ ಇನ್ನೊಬ್ಬನಿಗೆ ಕಳಿಸಿರುತ್ತಾರೆ. ಗಲ್ಫ್ ತಲುಪಿದ ಮೇಲೂ ನಿರಾಳ ಎಂದೇನಿಲ್ಲ. ಯುಎಇ ವದಂತಿ ಮತ್ತು ಸೈಬರ್ ಅಪರಾಧದ ಮೇಲೆ 2021ರಲ್ಲಿ ಹೊಸ ಕಾನೂನು ಮಾಡಿ 2022ರ ಜನವರಿಯಿಂದ ಜಾರಿಗೆ ತಂದಿದೆ. ಸುಳ್ಳು ಸುದ್ದಿ ಹಂಚಿದವನೂ ಅಲ್ಲಿ ಸಿಕ್ಕಿಬೀಳುತ್ತಾನೆ. 2020ರಲ್ಲಿ ಇಸ್ಲಾಂ ವಿರುದ್ಧ ದ್ವೇಷದ ಪೋಸ್ಟ್ ಹಾಕಿದ ಕೆಲವು ಭಾರತೀಯರು ಅಲ್ಲಿ ಕೆಲಸ ಕಳೆದುಕೊಂಡಾಗ ನಮ್ಮವರು ಸಂತೋಷಪಟ್ಟು ಆ ಸುದ್ದಿಯನ್ನು ಹಂಚಿದ್ದುಂಟು. ಆ ಕತ್ತಿಗೆ ಎರಡೂ ಕಡೆ ಹರಿತ ಎಂಬುದು ಆಗ ಯಾರ ತಲೆಗೂ ಬರಲಿಲ್ಲ.

ಹಾಗಾದರೆ ಹುಡುಗ ಸುಮ್ಮನಿರಬೇಕೇ? ಅನ್ಯಾಯ ಆದರೂ? ಈ ಪ್ರಶ್ನೆಯನ್ನು ಅವರು ಮುಖಕ್ಕೆ ಕೇಳುತ್ತಾರೆ. ‘ಸುಮ್ಮನಿರು’ ಎಂಬ ಉತ್ತರ ಅವರ ಬಳಿ ನಡೆಯುವುದಿಲ್ಲ, ನಡೆಯಲೂ ಬಾರದು. ಅನ್ಯಾಯವನ್ನು ಅನ್ಯಾಯ ಎನ್ನುವುದಕ್ಕೆ ಕಾನೂನಿನ ತಡೆಯಿಲ್ಲ. ಒಂದು ಇಡೀ ಸಮುದಾಯವನ್ನು ಬೈಯುವುದು, ಸೇಡಿನ ಮಾತು, ಸತ್ತವನ ರಕ್ತದ ಫೋಟೊ, ಖಚಿತವಿಲ್ಲದ ಸುದ್ದಿ ಇವು ಬೇರೆ. ಹತ್ತನೇ ತರಗತಿಯ ಹುಡುಗನಿಗೂ ಈ ಗೆರೆ ಅರ್ಥವಾಗುತ್ತದೆ, ಯಾರಾದರೂ ಕುಳಿತು ಹೇಳಬೇಕು ಅಷ್ಟೆ. ಸುದ್ದಿ ಬಂದರೆ ವಿಚಾರಿಸಿ ನೋಡಬೇಕೆಂಬ ಸೂರಃ ಹುಜುರಾತಿನ ಪಾಠವನ್ನು ನಾವು ಮದ್ರಸದಲ್ಲಿ ಪರೀಕ್ಷೆಗೆ ಬರುವ ಹಾಗೆ ಕಲಿಸುತ್ತೇವೆ, ಫೋನಿಗೆ ಬರುವ ಹಾಗೆ ಕಲಿಸುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುಳ್ಳನ್ನು ನಂಬಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಗುಂಪುಗೂಡಿ ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದರು. ಸತ್ತವನೂ ಮುಸ್ಲಿಮನೇ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ಹಾಕಿತು. ಕಂಪೆನಿಗೆ ಹೊಳೆದದ್ದು ನಮ್ಮ ಕಮಿಟಿಗಳಿಗೆ ಇನ್ನೂ ಹೊಳೆದಿಲ್ಲ.

ಕಮಿಟಿಗಳು ಏನು ಮಾಡುತ್ತವೆ? ಗಲಾಟೆ ಆದ ಕೂಡಲೇ ಜಮಾಅತ್‌ನ ಗ್ರೂಪನ್ನು ‘ಅಡ್ಮಿನ್ ಮಾತ್ರ’ ಎಂದು ಮುಚ್ಚುತ್ತವೆ. ಅಡ್ಮಿನ್ ಮೇಲೆ ಕೇಸು ಬೀಳುತ್ತದೆ ಎಂಬ ಹೆದರಿಕೆ. ಸದಸ್ಯನೊಬ್ಬ ಹಾಕಿದ್ದಕ್ಕೆ ಅಡ್ಮಿನ್ ಸುಮ್ಮನೆ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅಡ್ಮಿನ್ ತಾನೇ ಅದರಲ್ಲಿ ಕೈಜೋಡಿಸಿದರೆ ಆ ಮಾತು ಬೇರೆ. ಗ್ರೂಪ್ ಮುಚ್ಚಿದರೆ ಹುಡುಗರು ಬಾಯಿ ಮುಚ್ಚುತ್ತಾರೆಯೇ? ನಮ್ಮ ಕಣ್ಣಿಗೆ ಬೀಳದ ಇನ್ನೊಂದು ಗ್ರೂಪಿಗೆ ಹೋಗುತ್ತಾರೆ. ಅಲ್ಲಿ ಹತ್ತು ಜನ ಇದ್ದರೆ ಅದರಲ್ಲಿ ಒಬ್ಬ ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ.

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನ ಮಕ್ಕಳಿಗೆ ಇಂಥ ಜಾಲತಾಣಗಳ ಖಾತೆ ನಿಷೇಧಿಸಿದೆ ಎಂಬ ಸುದ್ದಿಯನ್ನು ನಮ್ಮ ಹಲವರು ಹಂಚಿದರು, ‘ಇಲ್ಲಿಯೂ ಬರಬೇಕು’ ಎಂದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಹದಿನೆಂಟರ ಒಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕು ಎಂದಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದು ಹಂತ ಹಂತವಾಗಿ ಜಾರಿಯಾಗುತ್ತಿವೆ. ಒಳ್ಳೆಯದೇ. ಆದರೆ ಬಾಪ ಸೌದಿಯಲ್ಲಿ, ಉಮ್ಮನ ಫೋನಿಗೆ ಬರುವ ಒಟಿಪಿ ಮಗನ ಕೈಯಲ್ಲಿ. ಅಂಥ ಮನೆಯಲ್ಲಿ ಒಪ್ಪಿಗೆ ಯಾರದ್ದು ಎಂದು ಹೇಳುವ ಅಗತ್ಯ ಇಲ್ಲ.

ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ನಾವು ಒಮ್ಮೆ ನೋಡಿದ್ದೇವೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ತೀರಿಕೊಂಡ ರಾತ್ರಿ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿದರು. ಗಲ್ಫಿನಲ್ಲಿದ್ದವರು ದುಬಾರಿ ಐಎಸ್‌ಡಿ ಕರೆ ಮಾಡಿ ‘ಮಕ್ಕಳು ಮನೆಯಲ್ಲಿ ಉಂಟಾ’ ಎಂದು ಕೇಳುವ ಸ್ಥಿತಿ. 2021ರ ಕೊರೊನಾ ಎರಡನೇ ಅಲೆಯಲ್ಲಿ ಇದೇ ಫೋನು ತೆರೆದಿತ್ತು. ಆಗ ಬೆಡ್ ಎಲ್ಲಿದೆ, ಆಕ್ಸಿಜನ್ ಸಿಲಿಂಡರ್ ಎಲ್ಲಿದೆ, ಮಯ್ಯಿತ್ ದಫನಿಗೆ ಯಾರು ಬರುತ್ತಾರೆ ಎಂಬುದನ್ನೆಲ್ಲ ಓಡಿಸಿದ್ದು ಈ ಹುಡುಗರ ಗ್ರೂಪುಗಳೇ. ಅದರಲ್ಲಿ ಎಷ್ಟೋ ಕಡೆ ಮುಸ್ಲಿಮರಲ್ಲದವರ ಅಂತ್ಯಸಂಸ್ಕಾರಕ್ಕೂ ನಮ್ಮ ಹುಡುಗರು ಹೆಗಲು ಕೊಟ್ಟರು. ರಕ್ತ ಬೇಕು ಎಂಬ ಬುಧವಾರದ ಸ್ಟೇಟಸಿಗೆ ಇವತ್ತಿಗೂ ಮೊದಲು ಓಡುವವರು ಯಾರ ರಕ್ತ, ಯಾರಿಗೆ ಎಂದು ಕೇಳುವುದಿಲ್ಲ. ಇದನ್ನು ನೋಡಿದವರು ಅವರ ಕೈಯಿಂದ ಫೋನು ಕಸಿಯುವ ಮಾತನ್ನು ಸುಲಭವಾಗಿ ಆಡುವುದಿಲ್ಲ.

ಕೆಲಸ ದೊಡ್ಡದೇನೂ ಅಲ್ಲ. ಮಗ್ರಿಬ್ ಮತ್ತು ಇಶಾ ನಡುವೆ ತಿಂಗಳಿಗೊಮ್ಮೆ ಪಿಯುಸಿ, ಡಿಗ್ರಿ ಮಕ್ಕಳನ್ನು ಕೂರಿಸಿ ಊರಿನ ಒಬ್ಬ ವಕೀಲರಿಂದ 196ನೇ ಸೆಕ್ಷನ್ ಮತ್ತು ಪಾಸ್‌ಪೋರ್ಟಿನ ವಿಷಯ ಹೇಳಿಸಬಹುದು. ಅಕ್ಟೋಬರ್ 3ಕ್ಕೆ ಭಾಷಣ ಸ್ಪರ್ಧೆಯ ಜೊತೆಗೆ, ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದ ಬ್ಯಾರಿ ಪದಗಳ ಒಂದು ನಿಮಿಷದ ವಿಡಿಯೊ ಸ್ಪರ್ಧೆ ಇಟ್ಟರೆ ಮಕ್ಕಳು ತಾವಾಗಿ ಬರುತ್ತಾರೆ. ಜಮಾಅತ್‌ನ ಗ್ರೂಪಿಗೆ ಕಮಿಟಿಯವರ ಜೊತೆ ಇಬ್ಬರು ಕಾಲೇಜು ಹುಡುಗರನ್ನೂ ಅಡ್ಮಿನ್ ಮಾಡಿದರೆ ಎಂಟನೇ ದಿನ ಸುಳ್ಳು ಯಾವುದು, ನಿಜ ಯಾವುದು ಎಂದು ಮೊದಲು ತಿಳಿಯುವುದು ಅವರಿಗೇ. ಇದನ್ನು ನಾವು ನಮ್ಮ ಆಸುಪಾಸಿನ ಕಮಿಟಿಯವರಲ್ಲಿ ಹೇಳಿದಾಗ ಹುಡುಗರ ವಿಷಯಕ್ಕೆ ಎಲ್ಲರೂ ತಲೆಯಾಡಿಸಿದರು. ಹೆಣ್ಮಕ್ಕಳಿಗೂ ಇಂಥದ್ದೊಂದು ತರಗತಿ ಬೇಕು, ಅವರಿಗೇ ಇದರ ಅಗತ್ಯ ಹೆಚ್ಚು ಎಂದಾಗ ‘ನೋಡುವ ಉಸ್ತಾದ್’ ಎಂದರು. ಇನ್ನೂ ನೋಡುತ್ತಲೇ ಇದ್ದಾರೆ.